ಅವ್ವನ ಕೋಣೆ ಬಾಡಿಗೆಗೆ ಹೋಯಿತು

ಅವ್ವಾ,

ನೀನು ಕೆಮ್ಮಿ ಕೆಮ್ಮಿ ಸತ್ತ ಕುರೆಕುಪ್ಪದ ತಗಡಿನ ಕೋಣೆಯಿಂದ ನಿನ್ನ ಟ್ರಂಕನ್ನು ಕಮಲಾಪುರದ ನಮ್ಮ ಮನೆಗೆ ತರಲು ಇವತ್ತು ಹೋಗಿದ್ದೆ. ಮಾಲೀಕ ಅಂದಾನಪ್ಪ ಆಗಲೇ ಸುಣ್ಣ ಬಳಿಸಿ, ಕಾರ್ಖಾನೆ ಕೂಲಿಗೆ ಬಂದ ಗಂಡ ಹೆಂಡತಿಗೆ ಕೋಣೆ ತೋರಿಸುತ್ತಿದ್ದ. ಹುಡುಗಿ ಬಸುರಿ.

“ಕಿಟಕಿ ಇಲ್ಲೇನ್ರಿ?” ಅಂದಳು.

“ಕಿಟಕಿ ಇದ್ರ ಧೂಳ ಬರ್ತೈತಮ್ಮ. ಭಾಳ ಚಲೋ ಮನಿ ಇದು,” ಅಂದ ಅಂದಾನಪ್ಪ.

ನನಗೆ ತಡೆಯಲಾಗಲಿಲ್ಲ. “ನಮ್ಮವ್ವ ಇದರಾಗ ಟಿ.ಬಿ. ಆಗಿ ಸತ್ತಾಳ. ಗಾಳಿ ಆಡದ ಕೋಣಿ ಅಂತ ಡಾಕ್ಟ್ರು ಬೈದಿದ್ರು. ಬ್ಯಾಡ್ರಿ,” ಅಂದೆ.

ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದಳು. ಗಂಡ ಅಂದಾನಪ್ಪನ ಕಡೆ ತಿರುಗಿದ. “ಹಂಗಾದ್ರ ಬಾಡಿಗಿ ಕಮ್ಮಿ ಮಾಡ್ರಿ.”

ಅಂದಾನಪ್ಪ ತಕ್ಷಣ ಒಪ್ಪಿದ. ನೀನು ಎಷ್ಟು ಬೇಡಿದರೂ ಒಪ್ಪದವನು.

ನಾನು ಹೊರಡುವಾಗ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಸ ಗುಡಿಸುತ್ತಿದ್ದಳು.