ತೆಪ್ಪದಾಕಿಯ ವಯಸ್ಸು

ಸೊಲ್ಲಾಪುರ
ಬಸವ ಜಯಂತಿಯ ಮರುದಿನ, ೨೦೨೫

ಪ್ರೀತಿಯ ವಿಜಯಶ್ರೀಗೆ ಶರಣು.

ಮೊದಲು ‘ಮಗಳೇ’ ಎಂದು ಬರೆದೆ. ಆ ಹಾಳೆ ಹರಿದು ಹಾಕಿ ಮತ್ತೆ ನಿನ್ನ ಹೆಸರಿನಿಂದ ಶುರುಮಾಡಿದ್ದೇನೆ. ಕುಳಿತುಕೊಂಡು ಓದವ್ವ. ನಿಮ್ಮ ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದೆಯಲ್ಲ, ಅದರಲ್ಲಿರುವವಳು ನಾನು, ನಿನ್ನ ತಾಯಿಯ ತಂಗಿ ಶೈಲಶ್ರೀ. ಭೀಮಾ ಹೊಳೆ ನನ್ನನ್ನು ಒಯ್ದಿಲ್ಲ.

ನಿನಗೆ ನನ್ನ ಮುಖ ಕಂಡದ್ದು ಮೊಬೈಲಿನ ಆಟದಲ್ಲಿ. ಆ ಆಟ ಮಾಡಿದ ಮೂವರು ಹುಡುಗರಲ್ಲಿ ಒಬ್ಬ ನನ್ನ ಮಗ ಸಂಜುಕುಮಾರ. ಚಿತ್ರ ಬರೆಯುವುದು ಅವನ ಪಾಲಿನ ಕೆಲಸ. ಆಟದಲ್ಲಿ ಹೊಳೆ ದಾಟಿಸುವ ಹೆಂಗಸೊಬ್ಬಳು ಬೇಕಾದಾಗ ಅವನು ಬೇರೆ ಯಾರನ್ನೂ ಹುಡುಕಲಿಲ್ಲ, ರೊಟ್ಟಿ ಬಡಿಯುತ್ತಿದ್ದ ನನ್ನನ್ನೇ ನೋಡಿ ಬರೆದುಕೊಂಡ. ಬೆಳ್ಳನೆಯ ಕೂದಲು, ಬರಿಗಾಲು, ಎಡಹುಬ್ಬಿನ ನಡುವೆ ಹಳೆಯ ಗಾಯದ ಗೆರೆ. "ಅವ್ವಾ, ಕೂದ್ಲ ನೋಡಿದ್ರ ನೀ ಮುದುಕಿ, ಮಾರಿ ನೋಡಿದ್ರ ಹುಡುಗಿ. ಆಟಕ್ಕ ಇಂಥಾಕಿನೇ ಬೇಕಿತ್ತು" ಎಂದು ನಕ್ಕಿದ್ದ. ಇಲ್ಲಿಗೆ ಬಂದ ವರ್ಷವೇ ನನ್ನ ತಲೆ ಬೆಳ್ಳಗಾದದ್ದು ಅವನಿಗೆ ಗೊತ್ತಿರಲಿಲ್ಲ. ನನಗೆ ತವರೇ ಇಲ್ಲವೆಂದು ಅವನೂ ಅವನಪ್ಪ ಕಲ್ಲಿನಾಥರೂ ನಂಬಿಕೊಂಡಿದ್ದರು.

ಆಡುವವರು ಅವಳಿಗೆ ತೆಪ್ಪದಾಕಿ ಎಂದು ಹೆಸರಿಟ್ಟರು. ಅವಳ ವಯಸ್ಸೆಷ್ಟು ಎಂದು ಮೊಬೈಲಿನಲ್ಲಿ ಆಟದವರ ಗುಂಪಿನೊಳಗೆ ಬರೆದು ಬರೆದು ಅವರಲ್ಲೇ ಜಗಳ. ಕೂದಲು ನೋಡಿದವನೊಬ್ಬ ಎಪ್ಪತ್ತು ದಾಟಿದೆ ಎಂದ. ಹುಟ್ಟು ಹಿಡಿದ ಕೈ ನೋಡಿದವಳೊಬ್ಬಳು, ಹದಿನಾರರ ಹುಡುಗಿ, ಯಾರೋ ಶಾಪ ಕೊಟ್ಟಿದ್ದಾರೆ ಎಂದಳು. ಆಳಂದದ ಶಾರುಖ ಎಂಬವನು ಸೀರೆಯ ಅಂಚನ್ನು ದೊಡ್ಡದು ಮಾಡಿ ತೋರಿಸಿ, ಇಂಥದ್ದನ್ನು ಈಗ ಯಾರೂ ಉಡುವುದಿಲ್ಲ, ಇವಳು ನೂರು ವರ್ಷದ ಹಿಂದಿನವಳು ಎಂದು ವಾದಿಸಿದ. ಆ ಸೀರೆ ಹೋದ ದೀಪಾವಳಿಗೆ ನಾನು ಸಂತೆಯಲ್ಲಿ ಕೊಂಡದ್ದು. ಸಂಜು ಒಂದೊಂದನ್ನೇ ಓದಿ ಹೇಳುತ್ತಿದ್ದ, ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ಅದೇ ಗುಂಪಿನಲ್ಲಿ ನಿನ್ನ ಬರಹ ಬಂತು. ತೆಪ್ಪದಾಕಿಗೆ ಹತ್ತೊಂಬತ್ತು, ಅವಳು ಸತ್ತವಳು ಎಂದು ನೀನು ಬರೆದಿದ್ದೆ. ಅವಳ ಚಪ್ಪಲಿ ನಮ್ಮೂರು ಸೊನ್ನದ ಹೊಳೆದಂಡೆಯಲ್ಲಿ ಸಿಕ್ಕವು, ಅದಕ್ಕೇ ಬರಿಗಾಲು ಎಂದಿದ್ದೆ. ಕೆಳಗೆ ಆ ಗೋಡೆಯ ಫೋಟೋ. ಅಪ್ಪ ಬೇರೆ ಮದುವೆಯಾದ ಮೇಲೆ ಆಯಿಯೇ ನಿನ್ನನ್ನು ಬೆಳೆಸಿದ್ದು, ಆಕೆ ಚಪ್ಪಲಿ ಸಿಕ್ಕ ದಿನದಿಂದ ಭೀಮಾ ನೀರು ಬಾಯಿಗೆ ಹಾಕದಿರುವುದು, ಪರೀಕ್ಷೆ ಇದ್ದಾಗಲೆಲ್ಲ ನೀನು ಹೊಳೆಗೆ ಹೋಗಿ ಚಿಗವ್ವನಿಗೆ ಹೇಳಿ ಬರುತ್ತಿದ್ದದ್ದು, ಎಲ್ಲ ಬರೆದಿದ್ದೆ. ನಿನ್ನ ಆಯಿ ಎಂದರೆ ನನ್ನ ಅವ್ವ. ಓದುತ್ತಿದ್ದ ಸಂಜು ನಡುವೆಯೇ ನಿಂತ. ಫೋಟೋ ನೋಡಿದ, ನನ್ನ ಹುಬ್ಬು ನೋಡಿದ. "ಅವ್ವಾ, ಇದು ಯಾರ ಫೋಟೋ?" ಎಂದ.

ಊರಲ್ಲಿ ಸಿಟ್ಟಿಗೆ ನನ್ನ ಹೆಸರೂ ಎತ್ತುತ್ತಿಲ್ಲ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದೆ. ಸತ್ತಿದ್ದೇನೆ ಎಂಬುದು ನನಗೆ ತಿಳಿದಿರಲಿಲ್ಲ. ಅಂದಿನಿಂದ ಆ ಹತ್ತೊಂಬತ್ತರ ಹುಡುಗಿ ನನ್ನ ಬೆನ್ನು ಬಿಟ್ಟಿಲ್ಲ. ಉಣ್ಣಲು ಕುಳಿತರೆ ಎದುರಿಗೆ ಕೂಡುತ್ತಾಳೆ, ಯಾರ ಪಾಲಿನದು ಉಣ್ಣುತ್ತಿದ್ದೀ ಎಂಬಂತೆ ನೋಡುತ್ತಾಳೆ. ನೀವು ಹೂ ಏರಿಸಿದ್ದು ಅವಳಿಗೆ. ನೀನು ಪರೀಕ್ಷೆಯ ಮಾತು ಹೇಳಿದ್ದೂ ಅವಳಿಗೇ. ಅವಳು ನಿಮ್ಮ ಮನೆಯವಳು, ನಾನು ಹೊರಗಿನವಳು.

ತಡೆಯಲಾರದೆ ಸಂಜುವಿನ ಕೈಯಿಂದ ಬರೆಸಿದೆ, ತೆಪ್ಪದಾಕಿಗೆ ನಲವತ್ತೆರಡು, ಅವಳು ಬದುಕಿದ್ದಾಳೆ ಎಂದು. ಇಷ್ಟು ಸಪ್ಪೆ ಕತೆ ಯಾರೂ ಹೇಳಿರಲಿಲ್ಲ ಎಂದು ಎಲ್ಲರೂ ನಕ್ಕರು. ನೀನೊಬ್ಬಳೇ ನಗಲಿಲ್ಲ. "ಹಂಗ ಅನಬ್ಯಾಡ್ರಿ. ಆಕಿ ಬದುಕಿದ್ರ ನನ್ನ ಬಿಟ್ಟು ಹ್ಯಾಂಗ ಇರ್ತಿದ್ಲು?" ಎಂದು ಕೇಳಿದೆ.

ಅದಕ್ಕೆ ಉತ್ತರ ಹೇಳಬೇಕು.

ಅಕ್ಕ ತೀರಿಕೊಂಡಾಗ ನೀನು ಎದೆಹಾಲು ಬಿಡದ ಕೂಸು. ಹಿರಿಯರು ಕುಳಿತು ಮಾತಾಡಿ, ಶೈಲಾಳನ್ನೇ ಅಳಿಯನಿಗೆ ಕೊಟ್ಟರಾಯಿತು ಎಂದರು. "ಹೊರಗಿನಾಕಿ ಬಂದ್ರ ಈ ಕೂಸಿನ್ನ ನೋಡ್ಕೋತಾಳೇನು?" ಎಂದು ಅವ್ವ ನನ್ನ ಕೈ ಹಿಡಿದು ಅತ್ತಳು. ಮದುವೆಗೆ ಮೊದಲೇ ಅಕ್ಕನ ಸೀರೆ ಉಡಿಸಿದರು, ಅಕ್ಕನ ತಾಟಿನಲ್ಲಿ ಬಡಿಸಿದರು. ನಿನ್ನ ಅಪ್ಪ ಕೆಟ್ಟವರಲ್ಲ. ಒಂದು ಸಂಜೆ ಮರೆತು ನನ್ನನ್ನು ಅಕ್ಕನ ಹೆಸರು ಹಿಡಿದು ಕರೆದರು. ನಾನು "ಹ್ಞಾಂ, ಬಂದೆ" ಎಂದೆ. ಅವರು ಕರೆದದ್ದಕ್ಕಲ್ಲ, ನಾನು ಓಗೊಟ್ಟದ್ದಕ್ಕೆ ನನಗೆ ಹೆದರಿಕೆಯಾಯಿತು. ಇನ್ನು ಸ್ವಲ್ಪ ದಿನ ಇದ್ದರೆ ಸತ್ತವಳು ಅಕ್ಕನಲ್ಲ, ನಾನೇ ಎಂದಾಗುತ್ತಿತ್ತು.

ಮರುದಿನ ನಿನ್ನನ್ನು ಬಾಜು ಮನೆಯ ಖುರ್ಷಿದ ಅವರ ಮಡಿಲಿಗೆ ಹಾಕಿ, ಬಟ್ಟೆ ಒಗೆದು ಬರುತ್ತೇನೆ ಎಂದು ಹೊರಟೆ. ಹೊಳೆದಂಡೆಯಲ್ಲಿ ಚಪ್ಪಲಿ ಬಿಚ್ಚಿಟ್ಟೆ. ಅವೂ ಅಕ್ಕನವೇ. ಅವುಗಳಲ್ಲಿ ನಡೆದರೆ ಮತ್ತೆ ಆ ಮನೆಗೇ ಹೋಗುತ್ತೇನೆ ಎನಿಸಿತು. ಬರಿಗಾಲಲ್ಲಿ ರಸ್ತೆಗೆ ಬಂದು ಕಬ್ಬು ಕಡಿಯಲು ಹೊರಟಿದ್ದ ಹೆಂಗಸರ ಟ್ರ್ಯಾಕ್ಟರ್ ಹತ್ತಿದೆ. ನನ್ನನ್ನು ನೀರಿನಲ್ಲಿ ಹುಡುಕುತ್ತಾರೆಂಬುದು ತಲೆಗೇ ಬರಲಿಲ್ಲ. ಆಮೇಲೆ ಸೊಲ್ಲಾಪುರ, ಟವೆಲ್ ಕಾರ್ಖಾನೆ, ಮದುವೆ, ಸಂಜು.

ನಿನ್ನ ಬಿಟ್ಟು ಹ್ಯಾಂಗ ಇದ್ದೆ ಎಂದರೆ, ಇದ್ದೆನವ್ವ. ಉಂಡೆ, ದುಡಿದೆ, ನಕ್ಕೆ ಕೂಡ. ಸಂಜು ಕೂಸಿದ್ದಾಗ ಅವನು ಮಲಗಿದ್ದರೂ ಅಳು ಕೇಳಿಸಿ ಎದ್ದು ಕೂಡುತ್ತಿದ್ದೆ. ಅದು ಅವನ ಅಳುವಲ್ಲ ಎಂದು ಗೊತ್ತಿತ್ತು. ಆದರೂ ಬರಲಿಲ್ಲ. ಬಂದರೆ ಒಳಗೆ ಇಟ್ಟುಕೊಂಡುಬಿಡುತ್ತೀರಿ ಎಂಬ ಭಯ. ಇದನ್ನು ಓದಿ ನಿನಗೆ ಸಿಟ್ಟು ಬಂದರೆ ಬರಲಿ.

ಕಲ್ಲಿನಾಥರಿಗೆ ಎಲ್ಲ ಹೇಳಿದ್ದೇನೆ. "ಹೋಗಿ ಬಾ" ಎಂದಷ್ಟೇ ಅಂದರು.

ಹೊಳೆಗೆ ಹೋಗಿ ಮಾತಾಡುವುದನ್ನು ಇನ್ನು ಬಿಡು, ಕೂಸೇ. ಅಲ್ಲಿ ಯಾರೂ ಇಲ್ಲ.

ನಿನ್ನ ಚಿಗವ್ವ,
ಶೈಲಶ್ರೀ

ತಾ.ಕ.: ಟಪಾಲಿಗೆ ಹಾಕಲು ಮನಸ್ಸಾಗಲಿಲ್ಲ, ನಾನೇ ತಂದಿದ್ದೇನೆ. ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಇದಿಷ್ಟನ್ನು ಬರೆಯುತ್ತಿದ್ದೇನೆ. ನೀನು ಜೇವರ್ಗಿಗೆ ಯಾರದೋ ಮದುವೆಗೆ ಹೋಗಿದ್ದೀಯಂತೆ. ಅವ್ವನೇ ಬಾಗಿಲು ತೆರೆದಳು. ಅವಳ ಕಣ್ಣು ಮಂಜಾಗಿವೆ. ನನ್ನ ಬಿಳಿ ತಲೆಯನ್ನು ಒಂದು ಕ್ಷಣ ನೋಡಿ, "ಬಿಸಲಾಗ ಬಂದೀರಿ, ಕೂಡ್ರಿ ಅಕ್ಕಾ" ಎಂದಳು. ನನ್ನನ್ನು ಹೆತ್ತವಳು ನನ್ನನ್ನು ಅಕ್ಕಾ ಎಂದಳು. ಈಗ ಒಳಗೆ ಚಹಾ ಮಾಡುತ್ತಿದ್ದಾಳೆ, ಕಪ್ಪುಗಳ ಸಪ್ಪಳ ಕೇಳುತ್ತಿದೆ. ಕುಡಿದು, ಈ ಪತ್ರವನ್ನು ಅವಳ ಕೈಯಲ್ಲೇ ಕೊಟ್ಟು ಖುರ್ಷಿದ ಅವರ ಮನೆಗೆ ಹೋಗಿ ಕೂಡುತ್ತೇನೆ. ಬಂದಿದ್ದ ಆ ಮುದುಕಿ ಯಾರು ಎಂದು ಅವ್ವ ನಿನ್ನನ್ನು ಕೇಳುತ್ತಾಳೆ. ನೀನು ಏನು ಹೇಳುತ್ತೀಯೋ ನಾನು ಅದೇ ಆಗಿರುತ್ತೇನೆ.