ನಮ್ಮ ಕೆರೆಯ ಕೊಬ್ಬಿದ ಮೀನು

ಪೈನ್ ನ್ಯಾರೋಸ್, ಒಂಟಾರಿಯೊ
ಮೇ ೧೯, ೧೯೯೭

ಮುದ್ದಿನ ತಂಗಿ ಲೊರೆಟ್ಟಾ,

ಹೇಗಿದ್ದೀಯೇ? ಕಾಲಿನ ಊತ ಇಳಿಯಿತೆ? ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಆ ಮೂರನೇ ಮಹಡಿಗೆ ಸಾಮಾನು ಹೊರಬೇಡ. ನಿನ್ನ ಗಂಡನ ಕೈಗೇನಾಗಿದೆ? ಅಮ್ಮ ನಿನ್ನ ಮಗುವನ್ನು ಸುತ್ತಿಡುವ ಚೀಲಕ್ಕೆ ಮಣಿ ಹೊಲಿಯುತ್ತಿದ್ದಾಳೆ. ಕೈ ನಡುಕ ಹೆಚ್ಚಾಗಿದೆ. ಸೂಜಿಗೆ ದಾರ ಪೋಣಿಸಿಕೊಡಲು ಹೋದರೆ "ನನ್ಗಿನ್ನೂ ಕಣ್ಣಿದೆ, ಹೋಗೇ" ಎಂದು ಗದರುತ್ತಾಳೆ. ಮಣಿಗಳೆಲ್ಲ ನೆಲಕ್ಕೆ ಚೆಲ್ಲಿದಾಗ ಮಾತ್ರ ನನ್ನ ಮುಖ ನೋಡದೆ ಒಂದೊಂದಾಗಿ ಹೆಕ್ಕುತ್ತಾಳೆ. ಇದು ವಯಸ್ಸಿನ ನಡುಕವಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು.

ಕೆರೆಯ ಮಂಜುಗಡ್ಡೆ ಕರಗಿತು. ಈ ವರ್ಷ ಪಿಕರೆಲ್ ಮೀನು ಎಷ್ಟು ದಪ್ಪ ಅಂತೀಯಾ! ಅಲ್ಫಾನ್ಸ್ ಮಾವ ಮೊದಲ ಮೀನನ್ನು ಎತ್ತಿ ಹಿಡಿದು, "ಕಾಗದದ ಕಾರ್ಖಾನೆ ಪಾದರಸ ಬಿಡೋದು ನಿಲ್ಸಿ ಎಷ್ಟ್ ವರ್ಷ ಆಯ್ತು! ವಿಷ ಇದ್ದಿದ್ರೆ ಇದು ಹಿಂಗೆ ಕೊಬ್ತಿತ್ತೇನ್ರೇ? ನನ್ ಹೊಟ್ಟೆಗಿಂತ ಚೆನ್ನಾಗಿದೆ ನೋಡಿ!" ಎಂದ. ದಡದಲ್ಲಿದ್ದವರೆಲ್ಲ ನಕ್ಕರು. ಕಾಣಿಕೆಯೆಂದು ನೀರಿಗೆ ಹೊಗೆಸೊಪ್ಪು ಹಾಕಿ ಕೆರೆಗೆ ಕೈಮುಗಿದೆವು. ನಮ್ಮ ಮನೆಯ ರೂಢಿಯಂತೆ ಮೀನಿನ ಕೆನ್ನೆಯ ಮಾಂಸವನ್ನು ಅಮ್ಮ ಬಸುರಿಯ ಪಾಲೆಂದು ಬೇರೆ ತೆಗೆದಿಟ್ಟಳು. ಬಸುರಿ ಎಂದರೆ ನೀನೇ ಅಲ್ಲವೇ.

ನಾನು ಪರೀಕ್ಷೆಗೆ ಮೀನು ಸೀಳಿಕೊಡಲು ಹೋಗುತ್ತೇನಲ್ಲ, ಆ ಸಂಶೋಧಕಿ ಜೋನ್, ಮೊನ್ನೆ ನನ್ನನ್ನು ಕೂರಿಸಿಕೊಂಡು ವಿಷಯ ಹೇಳಿದಳು. ಪಾದರಸ ಮೀನಿನ ಮೈಯೊಳಗಿನ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದಂತೆ. ಒಂದೇ ಕಿಣ್ವ ಒಂದೊಂದು ಮೀನಿನಲ್ಲಿ ಒಂದೊಂದು ಬಗೆಯಾಗಿರುತ್ತದೆ. ನಮ್ಮ ಕೆರೆಯಲ್ಲೋ, ವಿಷ ತಾಳದ ಬಗೆಯವೆಲ್ಲ ಸತ್ತು, ತಾಳುವ ಒಂದೇ ಬಗೆಯವು ಉಳಿದು, ಅವುಗಳ ಮರಿಗಳೇ ಕೆರೆ ತುಂಬಿವೆ. ಹೊಸ ರೋಗವೊಂದು ಬಂದರೆ ಎಲ್ಲವೂ ಒಟ್ಟಿಗೆ ಹೋಗಿಬಿಡಬಹುದು. "ವಿಷ ಹೋಗಿಲ್ಲ ವರ್ನಾ. ಮೀನು ಅದಕ್ಕೆ ಹೊಂದ್ಕೊಂಡಿದೆ ಅಷ್ಟೆ. ತಿನ್ನೋರು ಹೊಂದ್ಕೊಂಡಿಲ್ಲ. ಹೊಟ್ಟೇಲಿರೋ ಮಗುವಂತೂ ತಡ್ಕೊಳಲ್ಲ" ಎಂದಳು. ಅಲ್ಲೇ ಅತ್ತುಬಿಟ್ಟೆ ಕಣೇ. ಮಾವನಿಗೆ ಹೇಳಿದರೆ, "ಹಂಗಾದ್ರೆ ನಾವಿನ್ನೇನ್ ತಿನ್ನೋದು, ಡಬ್ಬಿ ಮಾಂಸಾನಾ?" ಎಂದು ಚೂರಿ ಬಿಸಾಕಿ ಎದ್ದುಹೋದ.

ಅಮ್ಮನಿಗೆ ಇನ್ನೂ ಹೇಳಿಲ್ಲ. "ಮನುಷ್ಯರು ಕೈಬಿಟ್ರು, ಈ ಕೆರೆ ಬಿಡ್ಲಿಲ್ಲ" ಎನ್ನುವವಳಿಗೆ ಯಾವ ಬಾಯಲ್ಲಿ ಹೇಳಲಿ? ನನ್ನ ಎದೆ ಒಡೆದುಹೋಗಿದೆ.

ಹುಟ್ಟಲಿರುವ ಕಂದನಿಗೆ ಈ ದೊಡ್ಡಮ್ಮನ ಮುತ್ತು. ನಿನ್ನ ಗಂಡನನ್ನು ಕೇಳಿದೆನೆಂದು ಹೇಳು.

ನಿನ್ನ ಅಕ್ಕ,
ವರ್ನಾ

ತಾ.ಕ.: ಬರೆಯಲು ಕೈ ಬಾರದೆ ಇಲ್ಲಿಗೆ ತಳ್ಳಿದೆ. ಮುಂದಿನ ವಾರ ಮಾವ ವಿನಿಪೆಗ್‌ಗೆ ಬರುವಾಗ ಅಮ್ಮ ನಿನಗೆ ಹೊಗೆಯಲ್ಲಿ ಒಣಗಿಸಿದ ಮೀನು ಕಳಿಸುತ್ತಿದ್ದಾಳೆ. ನಡುಗುವ ಕೈಯಲ್ಲೇ ಮುಳ್ಳು ಬಿಡಿಸಿದ್ದಾಳೆ. ಬೇಡವೆನ್ನಲು ಮಾವನಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ನಿನ್ನ ದಮ್ಮಯ್ಯ, ಒಂದು ಚೂರೂ ಬಾಯಿಗಿಡಬೇಡ. ಅಮ್ಮ ಫೋನ್ ಮಾಡಿ ರುಚಿ ಕೇಳುತ್ತಾಳೆ. ಎಲ್ಲಾ ತಿಂದೆ ಅನ್ನು. ಉಪ್ಪು ಸ್ವಲ್ಪ ಮುಂದಾಗಿತ್ತು ಅನ್ನು, ಆಗ ನಂಬುತ್ತಾಳೆ.