ವಾರ್ಡಿನಲ್ಲಿ ನಾನು ಹೇಳಿದ ‘ಇಲ್ಲ’

ಅಣ್ಣ,

ನೀನು ಹೋಗಿ ಆರು ವರ್ಷವಾಯಿತು. ಅದಕ್ಕೆ ಕೆಲವು ವಾರ ಮೊದಲು ಒಂದು ದಿನ ನೀನು ಓಡಿಸುತ್ತಿದ್ದ ಜಗಳೂರು ಬಸ್ಸಿನಲ್ಲಿ ನಾನೂ ಇದ್ದೆ. ಸೂಳೆಕೆರೆ ಏರಿಯ ಹತ್ತಿರ ಬಸ್ಸು ನಿಲ್ಲಿಸಿ ಮರೆಗೆ ಹೋಗಿಬಂದವನು ನನ್ನನ್ನು ಪಕ್ಕಕ್ಕೆ ಕರೆದೆ. “ಹೊರಕಡೆಗೆ ಕೂತಾಗೆಲ್ಲ ರಕ್ತ ಹೋಗ್ತೈತೆ ಕಣೋ, ಎರಡು ತಿಂಗಳಾತು. ಯಾರಿಗೂ ಹೇಳಬ್ಯಾಡ. ಓನರಿಗೆ ಗೊತ್ತಾದ್ರೆ ಸ್ಟೇರಿಂಗ್ ಕಿತ್ಕೊಂತಾನೆ.”

ನನಗೆ ಗಾಬರಿಯಾಗಲಿಲ್ಲ. ಎಂಜಿನ್ನಿನ ಕಾವಿಗೆ ಮೂಲವ್ಯಾಧಿ ಬರುತ್ತದೆಂದು ಡ್ರೈವರುಗಳೆಲ್ಲ ಹೇಳುತ್ತಿದ್ದರಲ್ಲ. ಬಾನೆಟ್ಟಿನ ಮೇಲೆ ನೆನೆಸಿದ ಗೋಣಿಚೀಲ ಹಾಸುತ್ತಿದ್ದದ್ದೂ ಅದಕ್ಕೇ ತಾನೆ? “ಕಾವು ಅಷ್ಟೇ, ಮಜ್ಜಿಗೆ ಕುಡಿ” ಎಂದೆ. “ಸೈನ್ಸ್ ಮೇಷ್ಟ್ರು ಹೇಳಿದ ಮ್ಯಾಲೆ ಆತು ಬಿಡು. ಫೀಜೂ ಇಲ್ಲ” ಎಂದು ನೀನು ನಕ್ಕೆ.

ನ್ಯಾಮತಿಯ ಹೈಸ್ಕೂಲಿನಲ್ಲಿ ನಾನು ಪ್ರತಿವರ್ಷ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯುತ್ತೇನೆ. ಅಲ್ಲಿಂದ ಹೊರಟು ಬೆನ್ನುಮೂಳೆಯ ಮುಂದೆ ಇಳಿಯುವ ದೊಡ್ಡ ರಕ್ತನಾಳಕ್ಕೆ ಮಹಾಪಧಮನಿ ಎಂದು ಹೆಸರು ಬರೆಸುತ್ತೇನೆ. ಆಮೇಲೆ ನಿನ್ನನ್ನು ಹಿಡಿದ ಜ್ವರ, ಬೆನ್ನುನೋವು ಎರಡೂ ಅದರ ಗೋಡೆಯಿಂದಲೇ ಬರುತ್ತಿದ್ದವೆಂದು ಯಾರು ತಾನೆ...

ದಾವಣಗೆರೆಯ ಆಸ್ಪತ್ರೆಯಲ್ಲಿ ನೀನು ಜ್ವರಕ್ಕೆ ಬಡಬಡಿಸುತ್ತಿದ್ದೆ. ಡಾಕ್ಟರು ನನ್ನನ್ನು ಕೇಳಿದರು: “ಮಲದಲ್ಲಿ ರಕ್ತ ಏನಾದ್ರೂ ಹೋಗಿತ್ತೇನ್ರೀ?” ಮಂಚದ ಆ ಕಡೆ ಅತ್ತಿಗೆ ಇದ್ದರು. ಹಣ್ಣು ಹಿಡಿದು ಬಂದ ನಿನ್ನ ಓನರೂ ಇದ್ದರು. “ಇಲ್ಲ” ಎಂದೆ, ತರಗತಿಯಲ್ಲಿ ಹೇಳುವಷ್ಟು ಸ್ಪಷ್ಟವಾಗಿ. ಓನರು ಹೋದ ಮೇಲೆ ಡಾಕ್ಟರ ಕೋಣೆಗೆ ಹೋಗಿ ತಿದ್ದಬಹುದಿತ್ತು. ಎರಡು ದಿನ ಸಮಯವಿತ್ತು. ಟೈಫಾಯ್ಡಿನ ಔಷಧಿ ನಡೆಯಿತು. ಮೂರನೆಯ ಬೆಳಿಗ್ಗೆ ಆ ನಾಳ ಒಡೆಯಿತು.

ನಿನ್ನ ದೇಹ ಕೊಯ್ದು ನೋಡಿದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಕೂರಿಸಿಕೊಂಡು ವಿವರಿಸಿದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ. ಅಲ್ಲಿಂದ ರಕ್ತಕ್ಕಿಳಿದ ರೋಗಾಣು ಮಹಾಪಧಮನಿಯ ಗೋಡೆಯನ್ನು ತಿಂದುಹಾಕಿತ್ತು. “ಬಹಳ ಅಪರೂಪ. ರಕ್ತ ಹೋಗಿದ್ದು ಗೊತ್ತಾಗಿದ್ರೆ ಆ ಕಡೆ ನೋಡ್ತಿದ್ವಿ” ಎಂದರು. ಉಳಿಯುತ್ತಿದ್ದೆಯಾ? ನಾನು ಕೇಳಲಿಲ್ಲ. ಹೌದು ಎಂದುಬಿಟ್ಟಿದ್ದರೆ... ಮನೆಗೆ ಬಂದು ಜ್ವರ ತಲೆಗೇರಿತು ಎಂದಷ್ಟೇ ಹೇಳಿದೆ.

ಹೋದ ಭಾನುವಾರ ಹೊನ್ನಾಳಿಗೆ, ಅತ್ತಿಗೆಯ ತವರಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಲಿಲ್ಲ.

“ನಂಗೂ ಗೊತ್ತಿತ್ತು ಕಣಪ್ಪ. ನಿಮ್ಮಣ್ಣನ ಬಟ್ಟೆ ಒಗಿಯೋಳು ನಾನಲ್ವಾ? ಡಾಕ್ಟ್ರಿಗೆ ಹೇಳಾಕೆ ಬಾಯಿ ತೆಗ್ದಿದ್ದೆ. ಅಷ್ಟ್ರಾಗೆ ನೀನು ಇಲ್ಲ ಅಂದಿ. ಓದಿದೋನು, ಏನೋ ತಿಳ್ದೇ ಹೇಳಿರ್ತಾನೆ ಅಂತ ಸುಮ್ಮನಾದೆ.”

ನಿನಗೆ ಮುಟ್ಟಿಸಬೇಕಾಗಿದ್ದ ಸುದ್ದಿ ಇಷ್ಟೇ, ಅಣ್ಣ. ನಿನ್ನನ್ನು ಉಳಿಸಬಹುದಾಗಿದ್ದ ಮಾತು ಆ ವಾರ್ಡಿನಲ್ಲಿ ಇನ್ನೊಬ್ಬರ ಬಾಯಲ್ಲೂ ಇತ್ತು. ಅದನ್ನು ತಡೆದವನೂ ನಾನೇ.

ಆಮೇಲೆ ಅವರು ಮೊರ ಬದಿಗಿಟ್ಟು, “ಏಳು, ಹೊತ್ತಾತು, ಊಟ ಮಾಡು” ಎಂದರು.

ಉಂಡೆ.